ಒಂದು ನಿಮಿಷದ ನಡೆ

ಕಾರ್ತಿಕದ ಒಂದು ಸಂಜೆ ಪಕ್ಕದ ಬಾಡಿಗೆ ಕೋಣೆಯ ಹುಡುಗ ಮೊಬೈಲು ಹಿಡಿದುಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತ. ಯಲಬುರ್ಗಾ ಕಡೆಯ ಹಳ್ಳಿಯವನು. ಕೊಪ್ಪಳದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾನೆ. ಇಬ್ಬರೂ ಮೊಬೈಲಿನಲ್ಲಿ ಚೆಸ್ ಆಡುವವರು ಅನ್ನುವುದನ್ನು ಬಿಟ್ಟರೆ ನಮ್ಮ ನಡುವೆ ಹೆಚ್ಚಿನ ಬಳಕೆ ಇರಲಿಲ್ಲ.

"ಅಣ್ಣಾರ, ಮುಂದಿನ ತಿಂಗಳ ಕಾಲೇಜುಗಳ ನಡುವಿನ ಚೆಸ್ ಐತ್ರಿ. ಅಲ್ಲಿ ಒಬ್ಬೊಬ್ಬರಿಗೆ ಅರ್ಧ ತಾಸು ಕೊಡ್ತಾರಂತ. ನಾ ಆಡೋದೆಲ್ಲಾ ಒಂದ್ ನಿಮಿಷದ್ದು. ನನ್ನ ಆಟದಾಗ ಚಲೋ ಏನೈತಿ, ಎಲ್ಲಿ ತಿದ್ಕೋಬೇಕು, ಒಂದ್ ಹಾಳಿ ಮ್ಯಾಲ ಬರದ ಕೊಡ್ರಿ" ಅಂದ.

ಸಂಶೋಧನೆ ಮಾಡುವವರಿಗೆ ಇಂಥ ಹಾಳೆ ಹೊಸದಲ್ಲ. ನಮ್ಮ ಪ್ರಗತಿ ವರದಿಗಳಲ್ಲೂ ಸಾಧನೆಗೊಂದು ಕಲಂ, ಕೊರತೆಗೊಂದು ಕಲಂ ಇರುತ್ತದೆ. ಹಾಳೆಯ ನಡುವೆ ಗೆರೆ ಎಳೆದೆ. ಈ ಕಡೆ "ಚಲೋ ಇರೋದು", ಆ ಕಡೆ "ತಿದ್ದಿಕೊಳ್ಳಬೇಕಾದ್ದು". ಎರಡು ಸಂಜೆಯ ಕೆಲಸ ಅಂದುಕೊಂಡೆ. ಅದು ಮೂರು ವಾರ ಹಿಡಿಯಿತು. ಆ ಮೂರು ವಾರದ ನಡುವೆ ನಾನು ಆ ಹುಡುಗನಿಗೆ ಒಂದು ಅನ್ಯಾಯವನ್ನೂ ಮಾಡಿದೆ. ಬರವಣಿಗೆ ಶುರುವಾದದ್ದು ಅವನ ಆಟದ ಬಗ್ಗೆ, ಮುಗಿದದ್ದು ನನ್ನ ಬಗ್ಗೆ.

ಚೆಸ್ ಆಡದವರಿಗೆ ಈ ಒಂದು ನಿಮಿಷದ ಲೆಕ್ಕ ಸ್ವಲ್ಪ ಹೇಳಬೇಕು. ಜಾಗತಿಕ ಚೆಸ್ ಒಕ್ಕೂಟ ಫಿಡೆಯ ನಿಯಮದಲ್ಲಿ ಒಬ್ಬ ಆಟಗಾರನಿಗೆ ಹತ್ತು ನಿಮಿಷ ಅಥವಾ ಅದಕ್ಕೂ ಕಡಿಮೆ ಸಮಯವಿದ್ದರೆ ಅದು ಬ್ಲಿಟ್ಜ್. ಮೂರು ನಿಮಿಷಕ್ಕೂ ಕೆಳಗಿಳಿದರೆ ಅಂತರ್ಜಾಲದ ಆಟಗಾರರು ಅದನ್ನು ಬುಲೆಟ್ ಅನ್ನುತ್ತಾರೆ. ಒಂದು ನಿಮಿಷದ ಬುಲೆಟ್ಟಿನಲ್ಲಿ ನಲವತ್ತು ನಡೆ ಆಡಬೇಕಾದರೆ ಒಂದೊಂದಕ್ಕೆ ಸಿಗುವುದು ಒಂದೂವರೆ ಸೆಕೆಂಡು. ಎದುರಾಳಿಯ ರಾಜನನ್ನು ಕಟ್ಟಿಹಾಕದಿದ್ದರೂ ಅವನ ಗಡಿಯಾರ ಖಾಲಿಯಾದರೆ ಸಾಮಾನ್ಯವಾಗಿ ಗೆಲುವು ನಿಮ್ಮದೇ. ಹಳೆಯ ಗಡಿಯಾರಗಳಲ್ಲಿ ಸಮಯ ಮುಗಿದಾಗ ಒಂದು ಪುಟ್ಟ ಬಾವುಟ ಬೀಳುತ್ತಿತ್ತು. ಹಾಗಾಗಿ ಇವತ್ತಿಗೂ ಇದಕ್ಕೆ "ಫ್ಲ್ಯಾಗ್ ಬೀಳುವುದು" ಎಂದೇ ಹೆಸರು. ಪ್ರಿಮೂವ್ ಅಂತ ಇನ್ನೊಂದು ಇದೆ. ಎದುರಾಳಿ ಏನು ಆಡುತ್ತಾನೋ ನೋಡುವ ಮೊದಲೇ ನಿಮ್ಮ ಉತ್ತರವನ್ನು ಒತ್ತಿ ಇಟ್ಟುಬಿಡುವುದು. ಅವನು ಆಡಿದ ತಕ್ಷಣ ನಿಮ್ಮದು ತಾನಾಗಿ ಬೀಳುತ್ತದೆ. ನಿಮ್ಮ ಸಮಯ ಹೆಚ್ಚುಕಡಿಮೆ ಖರ್ಚೇ ಆಗುವುದಿಲ್ಲ.

ಅವನು ಆಡುವುದು ಲಿಚೆಸ್‌ನಲ್ಲಿ. ಅಲ್ಲಿ ಆಡಿದ ಆಟಗಳೆಲ್ಲ ಉಳಿಯುತ್ತವೆ. ಸ್ಟಾಕ್‌ಫಿಶ್ ಎಂಬ ಎಂಜಿನ್ನು ಅವನ್ನು ತಿದ್ದಿ ಯಾವ ನಡೆ ಸರಿ, ಯಾವುದು ತಪ್ಪು, ಯಾವುದು ಘೋರ ತಪ್ಪು ಎಂದು ಗುರುತು ಹಾಕಿ ಕೊಡುತ್ತದೆ. ಅವನ ಕೊನೆಯ ನೂರು ಆಟ ತೆಗೆದುಕೊಂಡು ಕೂತೆ.

ಮೊದಲ ಕಲಂ ಬೇಗ ತುಂಬಿತು. ಮೊದಲ ಹತ್ತು ನಡೆಗಳನ್ನು ಏಳೆಂಟು ಸೆಕೆಂಡಿನಲ್ಲಿ ಮುಗಿಸುತ್ತಾನೆ. ಸೋಲುವ ಆಟವನ್ನು ಬಿಟ್ಟುಕೊಡುವುದಿಲ್ಲ. ಐದು ಸೆಕೆಂಡು ಉಳಿದಾಗಲೂ ಕೈ ನಡುಗುವುದಿಲ್ಲ. ಎದುರಾಳಿಯ ಸಮಯ ಕಡಿಮೆಯಾಗಿದೆ ಎಂದು ಗೊತ್ತಾದ ಕೂಡಲೇ ಅವನಿಗೆ ಯೋಚಿಸಬೇಕಾದಂಥ ಪ್ರಶ್ನೆ ಹಾಕುತ್ತಾನೆ. ಒಂದು ಶಹ, ಒಂದು ಬೆದರಿಕೆ, ಸುಮ್ಮನೆ ಒಂದು ಕಾಲಾಳಿನ ಬಲಿ. ಎಂಜಿನ್ನಿನ ಕಣ್ಣಿಗೆ ಅವು ಕೆಟ್ಟ ನಡೆಗಳು. ಮೂರು ಸೆಕೆಂಡು ಉಳಿದ ಮನುಷ್ಯನ ಎದುರಿಗೆ ಅವೇ ಗೆಲ್ಲುವ ನಡೆಗಳು. ಎಂಜಿನ್ನು ಹಲಗೆಯನ್ನಷ್ಟೇ ತೂಗಿ ಗುರುತು ಹಾಕುತ್ತದೆ, ಗಡಿಯಾರದಲ್ಲಿ ಎಷ್ಟು ಉಳಿದಿದೆ ಎಂದು ಕೇಳುವುದಿಲ್ಲ.

ಎರಡನೇ ಕಲಂ ಕೂಡ ತುಂಬಿತು. ತಿನ್ನಲು ಕಾಯಿ ಸಿಕ್ಕರೆ ಯಾಕೆ ಸಿಕ್ಕಿತು ಎಂದು ಕೇಳದೆ ತಿನ್ನುತ್ತಾನೆ. ಹಲಗೆಯ ಮೇಲೆ ಆನೆ ಮತ್ತು ಕಾಲಾಳುಗಳಷ್ಟೇ ಉಳಿದರೆ ಏನು ಮಾಡಬೇಕೆಂದು ತಿಳಿಯದೆ ರಾಜನನ್ನು ಹಿಂದೆ ಮುಂದೆ ಓಡಾಡಿಸುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಸೋತ ಎರಡೇ ಸೆಕೆಂಡಿನಲ್ಲಿ "ಮತ್ತೊಂದು ಆಟ" ಒತ್ತುತ್ತಾನೆ. ಒಂದು ರಾತ್ರಿ ಹನ್ನೆರಡರಿಂದ ಒಂದೂವರೆಯವರೆಗೆ ಸಾಲಾಗಿ ಹನ್ನೊಂದು ಆಟ ಸೋತಿದ್ದ. ಅದನ್ನು ನೋಡುವಾಗ ಧರ್ಮರಾಯ ನೆನಪಾದ. ನಮ್ಮ ಪಕ್ಕದ ಗದುಗಿನ ಕುಮಾರವ್ಯಾಸನ ಭಾರತವನ್ನು ಕೇಳಿ ಬೆಳೆದವರಿಗೆ ಜೂಜಿನ ಪ್ರಸಂಗದಲ್ಲಿ ನಿಜವಾಗಿ ನೋಯುವುದು ಎರಡನೇ ಸಲ. ಕಳೆದುಕೊಂಡದ್ದೆಲ್ಲ ವಾಪಸ್ಸು ಸಿಕ್ಕಿ ಊರಿಗೆ ಹೊರಟವನು ಮತ್ತೆ ಕರೆ ಬಂದಾಗ ದಾರಿಯಿಂದ ತಿರುಗಿ ಬಂದು ಕೂರುತ್ತಾನೆ. ಮೊದಲ ಸೋಲಿಗೆ ಶಕುನಿಯ ದಾಳ ಕಾರಣವಿರಬಹುದು. ತಿರುಗಿ ಬಂದದ್ದಕ್ಕೆ ಯಾವ ದಾಳವೂ ಕಾರಣವಲ್ಲ.

ಎರಡು ಕಲಮಿನಲ್ಲೂ ಕೂರದ ಸಂಗತಿಗಳೂ ಇದ್ದವು. ಏಳು ಆಟ ಅವನು ಸೋತದ್ದು ಸಂಪರ್ಕ ಕಡಿದು. ಶನಿವಾರ ಊರಿಗೆ ಹೋಗುವಾಗ ಬಸ್ಸಿನಲ್ಲಿ ಆಡುತ್ತಾನೆ, ದಾರಿಯಲ್ಲಿ ನಡುನಡುವೆ ನೆಟ್‌ವರ್ಕ್ ಹೋಗುತ್ತದೆ. ಇದು ಅವನ ಕೊರತೆಯೇ? 2020ರ ಆಗಸ್ಟ್ 30ರಂದು ಅಂತರ್ಜಾಲದಲ್ಲಿ ನಡೆದ ಚೆಸ್ ಒಲಿಂಪಿಯಾಡ್‌ನ ಫೈನಲ್ಲಿನಲ್ಲಿ ಭಾರತದ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಅವರ ಸಂಪರ್ಕ ಕಡಿದು ಆಟ ಸೋತಂತಾಗಿತ್ತು. ಭಾರತ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಫಿಡೆ ಭಾರತ ಮತ್ತು ರಷ್ಯಾ ಎರಡಕ್ಕೂ ಚಿನ್ನ ಕೊಟ್ಟಿತು. ತೀರ್ಪಿನ ಬಗ್ಗೆ ಚರ್ಚೆ ನಡೆಯಿತು, ನಡೆಯಲಿ. ಕೈಮೀರಿದ್ದನ್ನು ಆಟಗಾರನ ತಲೆಗೆ ಕಟ್ಟಬಾರದು ಎಂಬ ನ್ಯಾಯ ಅದರಲ್ಲಿತ್ತು. ಯಲಬುರ್ಗಾದ ಬಸ್ಸಿನಲ್ಲಿ ಕೂತವನಿಗೆ ಮೇಲ್ಮನವಿ ಎಲ್ಲಿ? ಆ ಏಳು ಆಟಗಳನ್ನು ಲೆಕ್ಕದಿಂದ ತೆಗೆದುಹಾಕಿದೆ.

ಆಮೇಲೆ ಎರಡೂ ಕಲಂ ಮತ್ತೆ ಓದಿದೆ. ಗೆರೆಯ ಆಚೆ ಬರೆದದ್ದೂ ಈಚೆ ಬರೆದದ್ದೂ ಬೇರೆ ಬೇರೆ ಅಲ್ಲ ಅನಿಸತೊಡಗಿತು. ಹತ್ತಾರು ಆಟಗಳನ್ನು ಗೆಲ್ಲಿಸಿಕೊಟ್ಟ ಪ್ರಿಮೂವ್ ಒಂದು ಆಟದಲ್ಲಿ ರಾಣಿಯನ್ನೇ ಕೊಟ್ಟುಬಿಟ್ಟಿತ್ತು. ಎದುರಾಳಿ ಕಾಯಿ ಹೊಡೆಯುತ್ತಾನೆ ಎಂದು ಇವನು ಉತ್ತರ ಒತ್ತಿ ಇಟ್ಟಿದ್ದ, ಅವನು ಹೊಡೆಯಲಿಲ್ಲ. ಬಿಟ್ಟುಕೊಡದ ಛಲವೇ ರಾತ್ರಿ ಒಂದೂವರೆಯವರೆಗೆ ಕೂರಿಸಿದ ಹಟ. ವಿಶ್ವನಾಥನ್ ಆನಂದ್ ಅವರಿಗೆ ಎಳೆಯ ವಯಸ್ಸಿನಲ್ಲಿ "ಮಿಂಚಿನ ಹುಡುಗ" ಎಂದು ಹೆಸರಿತ್ತು. ಗಂಟೆಗಟ್ಟಲೆ ಸಮಯವಿರುವ ಆಟಗಳನ್ನೂ ಅವರು ನಿಮಿಷಗಳಲ್ಲಿ ಮುಗಿಸುತ್ತಿದ್ದರು. ಅದೇ ವೇಗ ಅವರನ್ನು ಕೆಲವೊಮ್ಮೆ ಎಡವಿಸಿತು, ಅದೇ ವೇಗ 2017ರಲ್ಲಿ, 48ನೇ ವಯಸ್ಸಿನಲ್ಲಿ, ಅವರನ್ನು ವಿಶ್ವ ರ‍್ಯಾಪಿಡ್ ಚಾಂಪಿಯನ್ ಮಾಡಿತು. ವೇಗವನ್ನು ಕಿತ್ತು ಎಸೆದು ತಪ್ಪನ್ನಷ್ಟೇ ತಿದ್ದಿಕೊಳ್ಳಿ ಎಂದು ಅವರಿಗೆ ಯಾರು ಹೇಳಬಲ್ಲರು?

ನನಗೆ ಆಗ ಎದುರಾದ ಪ್ರಶ್ನೆ ಆಟದ್ದಲ್ಲ. ಯೋಚಿಸದೆ ಇಟ್ಟ ಹೆಜ್ಜೆಗೆ ಮನುಷ್ಯ ಎಷ್ಟು ಹೊಣೆ? ಕನ್ನಡದಲ್ಲಿ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ, ಯಾಕೆಂದರೆ ನಾವು ಚೆಸ್ಸಿನ ಕಾಯಿ ಸರಿಸುವುದನ್ನೂ "ನಡೆ" ಅನ್ನುತ್ತೇವೆ, ಮನುಷ್ಯ ಬದುಕುವ ಬಗೆಯನ್ನೂ "ನಡೆ" ಅನ್ನುತ್ತೇವೆ. ನಡೆ ನುಡಿ ಒಂದಾಗಬೇಕು ಎಂದು ಶರಣರು ಹೇಳಿದ್ದು ಇದೇ ಶಬ್ದದಲ್ಲಿ. ಒಂದೂವರೆ ಸೆಕೆಂಡಿನ ನಡೆಯೂ ನಮ್ಮ ನಡೆಯೇ?

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಧೈರ್ಯದ ಬಗ್ಗೆ ಬರೆಯುವಾಗ ಒಂದು ಮಾತು ಹೇಳುತ್ತಾನೆ. ಮೊದಲೇ ಗೊತ್ತಿದ್ದ ಅಪಾಯವನ್ನು ಲೆಕ್ಕ ಹಾಕಿ ಎದುರಿಸಬಹುದು. ಹಠಾತ್ತನೆ ಬಂದದ್ದನ್ನು ಎದುರಿಸುವುದು ಸ್ವಭಾವ, ಆದ್ದರಿಂದ ಅಲ್ಲಿಯೇ ಮನುಷ್ಯ ಹೆಚ್ಚು ನಿಜವಾಗಿ ಕಾಣುತ್ತಾನೆ ಎಂಬುದು ಅದರ ಸಾರ. ಇದನ್ನು ಒಪ್ಪಿದರೆ ನಾವು ಹೊಣೆಯಾಗುವುದು ಆ ಒಂದೂವರೆ ಸೆಕೆಂಡಿಗಲ್ಲ, ಅದರ ಹಿಂದಿರುವ ಸಾವಿರಾರು ಆಟಗಳಿಗೆ, ಆ ಕೈ ರೂಢಿಯಾದ ಬಗೆಗೆ.

ರೂಢಿ ಎಲ್ಲಿಂದ ಬರುತ್ತದೆ ಎಂಬುದನ್ನು ಚೆಸ್ಸನ್ನೇ ಇಟ್ಟುಕೊಂಡು ನೋಡಿದವರಿದ್ದಾರೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ನಿಜವಾದ ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ನುರಿತ ಆಟಗಾರ ಕಾಯಿಗಳನ್ನು ಬಹುಮಟ್ಟಿಗೆ ಮತ್ತೆ ಜೋಡಿಸಬಲ್ಲ, ಹೊಸಬನಿಗೆ ಆಗುವುದಿಲ್ಲ. ಅದೇ ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದರೆ ನುರಿತವನ ಆ ಮೇಲುಗೈ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅಂದರೆ ಅವನು ಕಾಯಿಗಳನ್ನಲ್ಲ, ಪರಿಚಯದ ಮುಖಗಳನ್ನು ಕಾಣುತ್ತಿರುತ್ತಾನೆ. ಮುಂದೆ 2009ರಲ್ಲಿ ಡೇನಿಯಲ್ ಕಾನಮನ್ ಮತ್ತು ಗ್ಯಾರಿ ಕ್ಲೈನ್ ಸೇರಿ ಇಂಥ ತಟ್ಟನೆಯ ತಿಳಿವನ್ನು ಯಾವಾಗ ನಂಬಬಹುದು ಎಂದು ಕೇಳಿಕೊಂಡರು. ಅವರು ಎರಡು ಷರತ್ತು ಹೇಳುತ್ತಾರೆ. ಎದುರಿಗಿರುವ ಲೋಕಕ್ಕೆ ಒಂದು ಕ್ರಮ ಇರಬೇಕು, ಆ ಕ್ರಮವನ್ನು ಕಲಿಯಲು ನಮಗೆ ಬಿಡುವೂ ಉತ್ತರವೂ ಸಿಗುತ್ತಿರಬೇಕು.

ಚೆಸ್ ಹಲಗೆಯಲ್ಲಿ ಎರಡೂ ಇವೆ. ಕುದುರೆ ಇವತ್ತು ಒಂದು ಬಗೆ ನಾಳೆ ಒಂದು ಬಗೆ ನೆಗೆಯುವುದಿಲ್ಲ. ತಪ್ಪು ಮಾಡಿದರೆ ಎದುರಾಳಿ ಎರಡು ಸೆಕೆಂಡಿನಲ್ಲಿ ಹೇಳಿಬಿಡುತ್ತಾನೆ. ಹಾಗಾಗಿ ಇಲ್ಲಿ ವೇಗ ಕಲಿಯಬಹುದಾದ ವಿದ್ಯೆ, ಹುಡುಗನ ವೇಗಕ್ಕೆ ನಾನು ಗೌರವ ಕೊಡಲೇಬೇಕು. ಇಷ್ಟು ಬರೆದು ನನ್ನ ಜಾಣತನಕ್ಕೆ ನಾನೇ ತಲೆದೂಗಿಕೊಂಡೆ. ಆ ಅನ್ಯಾಯ ನಡೆದದ್ದು ಅದರ ಮರುದಿನ.

ನೂರು ಆಟಗಳಲ್ಲಿ ಒಂದು ನನ್ನ ಕಣ್ಣಿಗೆ ಚುಚ್ಚಿತ್ತು. ಇಪ್ಪತ್ತೆರಡು ನಡೆಗಳ ಗೆಲುವು, ನಿಖರತೆ ಶೇಕಡಾ 97. ಅವನ ಉಳಿದ ಆಟಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಕುದುರೆಯನ್ನು ಬಲಿ ಕೊಟ್ಟು, ಎದುರಾಳಿಯ ರಾಜನನ್ನು ಹಲಗೆಯ ನಡುವಿಗೆ ಎಳೆದು ತಂದು, ಒಂದೂ ತಪ್ಪಿಲ್ಲದೆ ಅಟ್ಟಿಸಿಕೊಂಡು ಹೋಗಿದ್ದ. ಚಹದಂಗಡಿಯಲ್ಲಿ ಸಿಕ್ಕಾಗ, ಜೊತೆಗೆ ಅವನ ಇಬ್ಬರು ಗೆಳೆಯರಿದ್ದರು, ನಗುನಗುತ್ತಲೇ ಕೇಳಿದೆ: "ಈ ಆಟದಾಗ ಪಕ್ಕಕ್ಕ ಎಂಜಿನ್ ಇಟ್ಕೊಂಡಿದ್ದೇನೋ?"

ಗೆಳೆಯರು ನಕ್ಕರು. ಅವನು ನಗಲಿಲ್ಲ. ಗ್ಲಾಸು ಕೆಳಗಿಟ್ಟು, "ನೀವು ನೂರೂ ಆಟ ನೋಡೀರೇನ್ರಿ ಅಣ್ಣಾರ?" ಅಂತ ಕೇಳಿ ಹೊರಟುಹೋದ.

ನೋಡಿರಲಿಲ್ಲ. ನೂರನ್ನೂ ತೆರೆದಿದ್ದೆ, ಗೆದ್ದವನ್ನು ನಿಧಾನವಾಗಿ, ಸೋತವನ್ನು ಎಂಜಿನ್ನಿನ ಗುರುತುಗಳಷ್ಟೇ ಕಾಣುವಂತೆ ಓಡಿಸಿಕೊಂಡು ನೋಡಿದ್ದೆ. ಆ ರಾತ್ರಿ ಸೋತ ಆಟಗಳನ್ನು ಒಂದೊಂದಾಗಿ ನೋಡಿದೆ. ಅದೇ ಆರಂಭ, ಅದೇ ಕುದುರೆಯ ಬಲಿ. ಆಟಗಾರರು "ಫ್ರೈಡ್ ಲಿವರ್" ಎಂದು ಕರೆಯುವ, ಶತಮಾನಗಳಷ್ಟು ಹಳೆಯ ದಾಳಿ. ಒಂದು ಆಟದಲ್ಲಿ ಒಂಬತ್ತನೇ ನಡೆಗೆ ದಾರಿ ತಪ್ಪಿ ಸೋತಿದ್ದ. ಮುಂದಿನದರಲ್ಲಿ ಒಂಬತ್ತು ಸರಿಯಾಗಿ ಹನ್ನೊಂದಕ್ಕೆ ತಪ್ಪಿತ್ತು. ಅದರ ಮುಂದಿನದರಲ್ಲಿ ಹದಿನಾಲ್ಕಕ್ಕೆ. ಒಂದೊಂದು ಸೋಲು ಒಂದೊಂದು ನಡೆ ಕಲಿಸಿತ್ತು. ಶೇಕಡಾ 97 ಎಲ್ಲಿಂದ ಬಂತು ಎಂಬುದಕ್ಕೆ ಸಾಕ್ಷಿ ಅವನ ಸೋಲುಗಳಲ್ಲಿತ್ತು, ನಾನು ನೋಡಲು ಬೇಸರಪಟ್ಟ ಜಾಗದಲ್ಲಿ.

ಅನುಮಾನಕ್ಕೆ ಕಾರಣಗಳೇ ಇಲ್ಲ ಎಂದಲ್ಲ. 2021ರ ಜೂನ್‌ನಲ್ಲಿ ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ಆನಂದ್ ಹಲವು ಖ್ಯಾತನಾಮರ ಜೊತೆ ಅಂತರ್ಜಾಲದಲ್ಲಿ ಆಡಿದಾಗ ಬೆಂಗಳೂರಿನ ಉದ್ಯಮಿ ನಿಖಿಲ್ ಕಾಮತ್ ಅವರನ್ನು ಸೋಲಿಸಿದರು. ಮರುದಿನ ತಾವು ಕಂಪ್ಯೂಟರಿನ ಮತ್ತು ಬೇರೆಯವರ ಸಹಾಯ ಪಡೆದಿದ್ದಾಗಿ ಅವರೇ ಒಪ್ಪಿಕೊಂಡು ಕ್ಷಮೆ ಕೇಳಿದರು. ಆನಂದ್ ಅದನ್ನು ಮುಂದುವರಿಸಲು ಹೋಗಲಿಲ್ಲ. ಐದು ಸಲ ವಿಶ್ವ ಚಾಂಪಿಯನ್ ಆದವರ ಎದುರಿಗೇ ಹೀಗಾದರೆ ಉಳಿದವರ ಗತಿಯೇನು ಎಂಬ ಭಯ ಎಲ್ಲ ಆಟಗಾರರಲ್ಲೂ ಇದೆ. ಮೊಬೈಲಿನ ಆಚೆ ಕೂತವನ ಮುಖ ಕಾಣುವುದಿಲ್ಲ.

ಆದರೆ ಭಯವನ್ನೇ ಪುರಾವೆ ಮಾಡಿಕೊಂಡರೆ ಏನಾಗುತ್ತದೆ? ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಡೇನಿಯಲ್ ನರೋಡಿಟ್ಸ್ಕಿ ವೇಗದ ಚೆಸ್ಸಿನಲ್ಲಿ ದೊಡ್ಡ ಹೆಸರು. ಅದಕ್ಕಿಂತ ಹೆಚ್ಚಾಗಿ ಒಳ್ಳೆಯ ಮೇಷ್ಟ್ರು. ತನಗಿಂತ ಎಷ್ಟೋ ಕೆಳಗಿನ ಆಟಗಾರರೊಂದಿಗೆ ಆಡುತ್ತ, ಪ್ರತಿ ನಡೆ ಯಾಕೆ ಎಂದು ಬಾಯಿಬಿಟ್ಟು ವಿವರಿಸುವ ಅವರ ವಿಡಿಯೊಗಳಿಂದ ಕಲಿತವರು ಲೋಕದ ತುಂಬ ಇದ್ದಾರೆ. ನಾನೂ ಒಬ್ಬ. ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅವರ ಆಟದ ಬಗ್ಗೆ ಸಾರ್ವಜನಿಕವಾಗಿ ಮತ್ತೆ ಮತ್ತೆ ಅನುಮಾನ ಎತ್ತಿದರು. ನರೋಡಿಟ್ಸ್ಕಿ ಅದನ್ನು ನಿರಾಕರಿಸಿದರು. 2025ರ ಅಕ್ಟೋಬರಿನಲ್ಲಿ, 29ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಮೇಲೆ ಫಿಡೆ ಕ್ರಾಮ್ನಿಕ್ ಅವರ ಹೇಳಿಕೆಗಳ ವಿಷಯವನ್ನು ತನ್ನ ನೀತಿ ಸಮಿತಿಯ ಮುಂದೆ ತಂದಿತು. ಆ ಸಾವಿಗೆ ಇದು ಕಾರಣ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದೂ ಇನ್ನೊಂದು ಅವಸರದ ತೀರ್ಪು. ಬದುಕಿನ ಕೊನೆಯ ದಿನಗಳಲ್ಲೂ ಅವರು ತಮ್ಮ ಪ್ರಾಮಾಣಿಕತೆಯನ್ನು ಸಮರ್ಥಿಸಿಕೊಳ್ಳಬೇಕಾಗಿ ಬಂತು ಎಂಬುದಷ್ಟೇ ನನ್ನ ಮಾತು. ನನಗೂ ಹೆಚ್ಚುಕಡಿಮೆ ಅದೇ ವಯಸ್ಸು. ಆ ಸುದ್ದಿ ಓದಿ ಅನುಮಾನಿಸುವವರ ಮೇಲೆ ಸಿಟ್ಟಾಗಿದ್ದೆ. ಒಂದೇ ತಿಂಗಳೊಳಗೆ ಚಹದಂಗಡಿಯಲ್ಲಿ ಅದನ್ನೇ ನಾನೂ ಮಾಡಿದ್ದೆ.

ಹೋಲಿಸಬಾರದ್ದನ್ನು ಹೋಲಿಸುತ್ತಿದ್ದೇನೆ ಎನ್ನಬಹುದು. ನನ್ನದು ಒಂದು ನಗೆಮಾತು. ಆದರೆ ಆ ನಗೆಮಾತು ಹೊರಬರಲು ಹಿಡಿದದ್ದು ಒಂದೂವರೆ ಸೆಕೆಂಡಾದರೆ ಹೆಚ್ಚು. ಸಂಖ್ಯೆ ಕಂಡೆ, ಹಳ್ಳಿ ಹುಡುಗನ ಮುಖ ಕಂಡೆ, ತೀರ್ಪು ಬಿತ್ತು. ಅದು ಪ್ರಿಮೂವ್. ಅವನು ಉತ್ತರಿಸುವ ಮೊದಲೇ ಒತ್ತಿ ಇಟ್ಟದ್ದು.

ಅವತ್ತು ಬರೆದ ಎರಡು ಷರತ್ತುಗಳನ್ನು ಮತ್ತೆ ಓದಿಕೊಂಡೆ. ಮನುಷ್ಯರಿಗೆ ಹಲಗೆಯ ಕ್ರಮ ಇಲ್ಲ. ಅದಕ್ಕಿಂತ ದೊಡ್ಡದು ಎರಡನೆಯದು. ಹಲಗೆಯ ಮೇಲೆ ತಪ್ಪಿದರೆ ರಾಣಿ ಹೋಗುತ್ತದೆ, ಸದ್ದಾಗುತ್ತದೆ, ಕಲಿಯುತ್ತೇವೆ. ಮನುಷ್ಯರ ವಿಷಯದಲ್ಲಿ ತಪ್ಪಿದರೆ ಅವರು ಗ್ಲಾಸು ಕೆಳಗಿಟ್ಟು ಎದ್ದು ಹೋಗುತ್ತಾರೆ. ನಮಗೆ ಯಾವ ಗುರುತೂ ಬೀಳುವುದಿಲ್ಲ, ನಾವು ಸರಿ ಎಂದುಕೊಂಡೇ ಇರುತ್ತೇವೆ. ಹುಡುಗನ ವೇಗ ಸಾವಿರ ಸೋಲುಗಳಲ್ಲಿ ತಿದ್ದಿಸಿಕೊಂಡು ಬಂದದ್ದು. ಮನುಷ್ಯರನ್ನು ಅಳೆಯುವ ನನ್ನ ವೇಗವನ್ನು ಯಾರೂ ಯಾವತ್ತೂ ತಿದ್ದಿರಲಿಲ್ಲ. ಹಲಗೆಯ ವೇಗವನ್ನು ಮನುಷ್ಯರ ಮೇಲೆ ಪ್ರಯೋಗಿಸುವ ಹಕ್ಕು ನನಗೆ ಎಲ್ಲಿಂದ ಬಂತು?

ಎರಡು ದಿನ ಬಿಟ್ಟು ಅವನನ್ನು ಗವಿಮಠದ ಬೆಟ್ಟಕ್ಕೆ ಕರೆದೆ. ಬಂದ, ಮಾತಾಡಲಿಲ್ಲ. ಅಲ್ಲಿ ಅಶೋಕನ ಶಾಸನ ಇದೆ. ಪಾಲ್ಕಿಗುಂಡಿನದೂ ಸೇರಿ ಕೊಪ್ಪಳದಲ್ಲಿ ಇಂಥವು ಎರಡು. ಶಾಲೆಯಲ್ಲಿ ಎಲ್ಲರೂ ಓದಿರುತ್ತೇವೆ, ಒಳಗೆ ಏನಿದೆ ಎಂದು ಕೇಳಿರುವುದಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಮೊದಲು ಹೆಚ್ಚಿನ ಶ್ರಮ ಪಡಲಿಲ್ಲ, ಸಂಘದ ಹತ್ತಿರ ಬಂದ ಮೇಲಷ್ಟೇ ಶ್ರಮಿಸಿದೆ ಎಂದು ಚಕ್ರವರ್ತಿ ಅಲ್ಲಿ ಹೇಳಿಕೊಳ್ಳುತ್ತಾನೆ. ಶ್ರಮಿಸಿದರೆ ದೊಡ್ಡವರಷ್ಟೇ ಅಲ್ಲ ಸಣ್ಣವರೂ ಸಾಧಿಸಬಹುದು ಎನ್ನುತ್ತಾನೆ. ಇದನ್ನು ಅವನಿಗೆ ಹೇಳಿದೆ. ಅಷ್ಟು ದೊಡ್ಡ ರಾಜ, ತಿದ್ದಿಕೊಳ್ಳಬೇಕಾದ ಕಲಮಿನಲ್ಲಿ ಮೊದಲು ತನ್ನ ಹೆಸರನ್ನೇ, ಅದೂ ಬಂಡೆಯ ಮೇಲೆ ಬರೆಸಿಕೊಂಡ.

ಹಾಳೆ ಕೊಟ್ಟೆ. ನಡುವಿನ ಗೆರೆ ಇರಲಿಲ್ಲ. ಪ್ರಿಮೂವ್ ಬಿಡಬೇಡ, ಎದುರಾಳಿಗೆ ಬೇರೆ ದಾರಿ ಇಲ್ಲ ಎಂದು ಖಾತ್ರಿ ಇದ್ದಾಗ ಮಾತ್ರ ಒತ್ತು. ಸಿಕ್ಕ ಕಾಯಿ ತಿನ್ನುವ ಮೊದಲು ಯಾಕೆ ಕೊಟ್ಟ ಎಂದು ಒಮ್ಮೆ ಕೇಳಿಕೋ. ಆನೆಯ ಕೊನೆಯಾಟ ದಿನಕ್ಕೆ ಅರ್ಧ ತಾಸು, ಮರದ ಹಲಗೆಯ ಮೇಲೆ. ಎರಡು ಆಟ ಸಾಲಾಗಿ ಸೋತರೆ ಮೊಬೈಲು ಕೆಳಗಿಡು. ಫ್ರೈಡ್ ಲಿವರ್ ಕಲಿತ ಬಗೆಯಲ್ಲೇ ಎಲ್ಲವನ್ನೂ ಕಲಿ, ಅದೇ ನಿನ್ನ ದೊಡ್ಡ ಶಕ್ತಿ. ಕೊನೆಯಲ್ಲಿ ಒಂದು ಸಾಲು: ಸೋತ ಆಟಗಳನ್ನು ಪೂರ್ತಿ ನೋಡದೆ ಯಾರ ಬಗ್ಗೆಯೂ ಮಾತಾಡಬಾರದು.

ನಿಧಾನವಾಗಿ ಓದಿದ. "ಈ ಕೊನೀ ಸಾಲು ನನಗಲ್ರಿ" ಅಂದ.

"ಹೌದಪಾ, ಅದು ನಂದು. ತಪ್ಪಾತು" ಅಂದೆ.

ಅವನು ಹಾಳೆ ಮಡಚಿ ಕಿಸೆಗೆ ಇಟ್ಟುಕೊಂಡ. ಕ್ಷಮಿಸಿದನೋ ಇಲ್ಲವೋ ಗೊತ್ತಾಗಲಿಲ್ಲ. ಬೆಟ್ಟ ಇಳಿಯುವಾಗ ಆನೆಯ ಕೊನೆಯಾಟದ ಬಗ್ಗೆ ಎರಡು ಪ್ರಶ್ನೆ ಕೇಳಿದ, ಅಷ್ಟೇ.

ಪಂದ್ಯದ ದಿನ ಸಂಜೆ ಅವನ ಸಂದೇಶ ಬಂತು. ಎರಡು ಆಟ ಗೆದ್ದು ಮೂರನೆಯದು ಸೋತಿದ್ದ. ಸೋತಾಗ ಗಡಿಯಾರದಲ್ಲಿ ಇನ್ನೂ ಹತ್ತೊಂಬತ್ತು ನಿಮಿಷ ಉಳಿದಿತ್ತಂತೆ. "ಇಷ್ಟ್ಯಾಕ ಗಡಿಬಿಡಿ ಮಾಡಿದಿ" ಎಂದು ತಕ್ಷಣ ಟೈಪು ಮಾಡಿದೆ. ಕಳಿಸಲಿಲ್ಲ, ಅಳಿಸಿದೆ. ಆಟದ ನಡೆಗಳನ್ನು ಬರೆದುಕೊಂಡಿದ್ದರೆ ಕಳಿಸು ಎಂದು ಬರೆದೆ. ಕಾಗದದ ಫೋಟೊ ಬಂತು. ಮರದ ಹಲಗೆ ತೆಗೆದು, ಕಾಯಿ ಜೋಡಿಸಿ, ಮೊದಲ ನಡೆಯಿಂದ ಶುರು ಮಾಡಿದೆ.